ನನ್ನ ಕತೆಗಳಿಗೆ ದಳ್ಳಾಳಿ ಹುಡುಕಿದ್ದು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಬುಕ್ಕಾಂಬುಧಿ ಹತ್ತಿರದ ಪ್ರಾಥಮಿಕ ಶಾಲೆಯೊಂದರಲ್ಲಿ ಟೀಚರಾಗಿದ್ದೆ. ಮಧ್ಯಾಹ್ನದ ಹೊತ್ತು ಮಕ್ಕಳು ತೂಕಡಿಸದಿರಲಿ ಎಂದು ಕತೆ ಕಟ್ಟಿ ಹೇಳುತ್ತಿದ್ದೆ. ಮುಗಿದ ಮೇಲೆ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಿದ್ದರು: "ಟೀಚರ್, ಇದು ಯಾವ ಪುಸ್ತಕದಾಗೈತೆ?" ಯಾವ ಪುಸ್ತಕದಲ್ಲೂ ಇಲ್ಲ, ನಾನೇ ಕಟ್ಟಿದ್ದು ಅಂದರೆ ನಗುತ್ತಿದ್ದರು. ಪುಸ್ತಕದಲ್ಲಿ ಇಲ್ಲದ್ದು ಕತೆಯೇ ಅಲ್ಲ ಎಂದು ಅವರ ನಂಬಿಕೆ. ನನಗೆ ರೋಷ ಬಂತು. ಈ ಕತೆಗಳು ಅಚ್ಚಾಗಬೇಕು, ಮೇಲೆ ನನ್ನ ಹೆಸರಿರಬೇಕು, ಅದನ್ನು ಈ ನಗುವ ಮಕ್ಕಳ ಕೈಗೇ ಕೊಡಬೇಕು ಎಂದು ಹಟ ಹಿಡಿದೆ.

ಹಟವೇನೋ ಸರಿ, ದಾರಿ ಗೊತ್ತಿರಲಿಲ್ಲ. ಅಂಚೆಯಲ್ಲಿ ಬೆಂಗಳೂರಿನ ಪ್ರಕಾಶಕರೊಬ್ಬರಿಗೆ ಕಳಿಸಿದ ಕತೆಗಳ ಕಟ್ಟು, ನಾನು ಬಿಗಿದ ದಾರದ ಗಂಟು ಕೂಡ ಸಡಿಲವಾಗದೆ ವಾಪಸು ಬಂತು. ತರೀಕೆರೆಯಲ್ಲಿ ಒಬ್ಬ ಕಾಲೇಜು ಅಧ್ಯಾಪಕರು, ತಮಗೆ ಪ್ರಕಾಶಕರೆಲ್ಲ ಪರಿಚಯ, ಒಂದು ಮಾತು ಹೇಳುತ್ತೇನೆ ಅಂದರು. ಅವರ ಮನೆಗೆ ಎಡತಾಕಿ ಎಡತಾಕಿ ನನ್ನ ಚಪ್ಪಲಿ ಸವೆಯಿತು. ಕೊನೆಗೆ ಅವರ ಹೆಂಡತಿ ಅಟ್ಟದಿಂದ ಕಟ್ಟನ್ನು ಇಳಿಸಿ, ಧೂಳು ಕೊಡವಿ, ಕೈಗಿಟ್ಟರು. ಪಾಪ, ಅವರು ಕಾಫಿಯನ್ನಾದರೂ ಕೊಟ್ಟರು.

ಹೊರದೇಶಗಳಲ್ಲಿ ಬರೆಯುವವರಿಗೆ ಏಜೆಂಟರಿರುತ್ತಾರೆ, ಅವರೇ ಪ್ರಕಾಶಕರ ಹತ್ತಿರ ಹೋಗಿ ಮಾತಾಡಿ ತಮ್ಮ ಪಾಲು ತಗೊಳ್ಳುತ್ತಾರೆ ಎಂದು ಯಾವುದೋ ವಾರಪತ್ರಿಕೆಯಲ್ಲಿ ಓದಿದ್ದೆ. ಅಜ್ಜಂಪುರದ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅವ್ವನಿಗೆ ಅದನ್ನು ಹೇಳಿದೆ.

"ಅಂದ್ರೆ ದಳ್ಳಾಳಿ ತಾನೆ?" ಅಂದಳು ಅವ್ವ. "ಕಡೂರಾಗೆ ನಿನ್ ಮಾವ ಇದಾನಲ್ಲ."

ಅವ್ವನ ತಮ್ಮ ಎತ್ತಿನ ವ್ಯಾಪಾರದ ದಳ್ಳಾಳಿ. ಟವೆಲ್ಲಿನ ಅಡಿಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವುದರಲ್ಲಿ ಎತ್ತಿದ ಕೈ. ನಾನು ನಕ್ಕೆ. ಆಮೇಲೆ ಯೋಚಿಸಿದರೆ, ನನ್ನ ಕಡೆಯಿಂದ ಮಾತಾಡುವ ಜನ ಬೇರೆ ಯಾರೂ ಇರಲಿಲ್ಲ.

ಮಾವ ಒಪ್ಪಿದ, ಆದರೆ ಕತೆಗಳನ್ನೆಲ್ಲ ಓದಿಸಿ ಕೇಳಿದ ಮೇಲೆ. "ಹಲ್ಲು ನೋಡ್ದೆ ನಾನು ಎತ್ತಿನ ಹಗ್ಗ ಹಿಡಿಯಲ್ಲ ಕಣವ್ವ" ಅಂದ. ಜಗಲಿಯ ಮೇಲೆ ಕಣ್ಣು ಮುಚ್ಚಿ ಕುಳಿತು ಕೇಳಿದ. ನರಿಯ ಕತೆಗೆ ಹೊಟ್ಟೆ ಹಿಡಿದುಕೊಂಡು ನಕ್ಕ. ಒಂದು ಕತೆಗೆ ಗೊರಕೆ ಹೊಡೆದ. ಅದನ್ನು ನಾನು ಕಟ್ಟಿನಿಂದ ತೆಗೆದೆ.

ಬೆಂಗಳೂರಿಗೆ ಹೊರಡುವ ಮೊದಲು ತನ್ನ ಕಟ್ಟಳೆ ಹೇಳಿದ. ದಳ್ಳಾಳಿ ನಿಂತ ಮೇಲೆ ಮಾರುವವರು ಬಾಯಿ ಬಿಡಬಾರದು. ಮತ್ತೆ, ಸರಕು ಯಾರದು ಅಂತ ಕೊಳ್ಳುವವನಿಗೆ ಅವನು ಹೇಳುವುದಿಲ್ಲ. ಹೇಳಿದರೆ ಅವರಿಬ್ಬರೂ ನೇರ ಮಾತಾಡಿಕೊಂಡು ದಳ್ಳಾಳಿಯನ್ನು ಬಿಟ್ಟುಬಿಡುತ್ತಾರಂತೆ. ನಾನು ಎರಡಕ್ಕೂ ತಲೆಯಾಡಿಸಿದೆ.

ಬೆಂಗಳೂರಿನಲ್ಲಿ ನಾವು ಮೊದಲು ಹೋದ ಪ್ರಕಾಶಕರು ಒಳ್ಳೆಯವರೇ. ಮಾವ ಅಭ್ಯಾಸಬಲದಿಂದ ಟವೆಲ್ಲು ಹರಡಿ ಅದರಡಿ ಕೈ ಚಾಚಿದಾಗ ಅವರಿಗೆ ಏನು ಮಾಡಬೇಕೆಂದು ತಿಳಿಯದೆ ತಮ್ಮ ಕೈಯನ್ನೂ ಒಳಗಿಟ್ಟರು. ಆಮೇಲೆ ಅಲ್ಲೇ ಕುಳಿತು ಎರಡು ಕತೆ ಓದಿದರು. ನರಿಯ ಕತೆಗೆ ಅವರೂ ನಕ್ಕರು.

"ಚೆನ್ನಾಗಿವೆ, ಹಾಕೋಣ" ಅಂದರು. "ಆದರೆ ಹೊಸಬರ ಹೆಸರಲ್ಲಿ ಮಕ್ಕಳ ಪುಸ್ತಕ ಹೋಗೋದಿಲ್ಲ. ನಮ್ಮಲ್ಲಿ ಹಿರಿಯ ಲೇಖಕರೊಬ್ಬರು ಇದ್ದಾರೆ, ಅವರ ಹೆಸರು ಹಾಕ್ತೀವಿ. ಬರೆದವರಿಗೆ ಸಂಭಾವನೆ ಈಗಲೇ ಕೊಡ್ತೀವಿ."

ಮಾವನ ಮುಖ ಅರಳಿತು. "ಆಗ್ಲಿ ಬುದ್ಧಿ" ಅಂದ.

"ಆಗಲ್ಲ" ಅಂದೆ ನಾನು. ಅಲ್ಲಿಯವರೆಗೆ ನನ್ನನ್ನು ಮಾವನ ಜೊತೆ ಊರು ನೋಡಲು ಬಂದವಳು ಅಂದುಕೊಂಡಿದ್ದ ಪ್ರಕಾಶಕರು ತಿರುಗಿ ನೋಡಿದರು. ಮೇಜಿನ ಮೇಲಿದ್ದ ಹಾಳೆಗಳನ್ನು ಬಾಚಿಕೊಂಡು ಹೊರಗೆ ಬಂದುಬಿಟ್ಟೆ.

ವಾಪಸು ಬರುವ ರೈಲು ಅರಸೀಕೆರೆ ದಾಟುತ್ತಿದ್ದಂತೆ ಮಾವ ಒಂದೇ ಸಮ ಶುರು ಮಾಡಿದ. "ಕುದುರಿದ್ ವ್ಯಾಪಾರ ಮುರಿದ್ಬಿಟ್ಟೆ. ನನ್ ಮಾನ ಹೋಯ್ತು. ಕೊಂಡೋನು ಹೊಸ ಹಗ್ಗ ಹಾಕ್ತಾನೆ, ತನಗೆ ಬೇಕಾದ ಹೆಸರಿಟ್ಟು ಕರೀತಾನೆ. ಎಲ್ಲಾ ಎತ್ತಿಗೂ ಹಂಗೇ. ಅದ್ರಾಗೆ ತಪ್ಪೇನೈತೆ?"

ಅವನ ಮಟ್ಟಿಗೆ ಅದು ನ್ಯಾಯವೇ. ಅವನು ನನಗೆ ಮೋಸ ಮಾಡಲು ಹೊರಟಿರಲಿಲ್ಲ, ಅದು ನನಗೆ ಗೊತ್ತಿತ್ತು. ಆದರೂ ಸಿಟ್ಟು ಇಳಿದಿರಲಿಲ್ಲ.

"ಮಾವ, ನಾನು ಎತ್ತು ಮಾರಕ್ಕೆ ಬಂದಿರ್ಲಿಲ್ಲ. ನಿನ್ ಮಗಳನ್ನ ಇಸ್ಕೂಲಿಗೆ ಸೇರಿಸ್ದಾಗ ಅಪ್ಪನ ಹೆಸರು ಏನಂತ ಬರೆಸಿದ್ದೆ? ಪಕ್ಕದ್ ಮನೆ ಸಾಹುಕಾರಂದು ಬರೆಸಿದ್ರೆ ಮೇಷ್ಟ್ರು ಇನ್ನೂ ಚೆನ್ನಾಗಿ ಪಾಠ ಹೇಳ್ತಾರೆ ಅಂತ ಯಾರಾದ್ರೂ ಅಂದಿದ್ರೆ ಬರೆಸ್ತಿದ್ಯಾ?"

ಅವನು ಸೀಟಿನ ಕೆಳಗಿದ್ದ ತನ್ನ ಚೀಲ ಎಳೆದುಕೊಂಡ. ಕಡೂರು ಬಂದಾಗ ಬತ್ತೀನಿ ಅಂತಲೂ ಹೇಳದೆ ಇಳಿದು ಹೋದ. ಅಜ್ಜಂಪುರದವರೆಗೆ ನಾನು ಒಬ್ಬಳೇ ಕುಳಿತು ಅತ್ತೆ. ಕೈಗೆ ಬಂದ ಪುಸ್ತಕ ಹೋಯಿತು, ಮಾವನೂ ಹೋದ ಅನ್ನಿಸಿತು. ಆದರೆ ಆಗಲ್ಲ ಅಂದ ಮಾತನ್ನು ವಾಪಸು ತಗೊಳ್ಳುವ ಮನಸ್ಸು ಮಾತ್ರ ಬರಲಿಲ್ಲ.

ಶಾಲೆಯ ಬೀರುವಿನಲ್ಲಿದ್ದ ಪುಸ್ತಕಗಳನ್ನು ತೆಗೆದು ಬೇರೆ ಪ್ರಕಾಶಕರ ವಿಳಾಸ ಬರೆದುಕೊಂಡೆ. ಇನ್ನು ದಳ್ಳಾಳಿಯ ಸಹವಾಸ ಬೇಡ, ನಾನೇ ಮಾತಾಡುತ್ತೇನೆ ಅಂತ ತೀರ್ಮಾನಿಸಿ, ಏನು ಹೇಳಬೇಕೆಂದು ಕೆರೆ ಏರಿಯ ಮೇಲೆ ನಡೆಯುತ್ತಾ ಬಾಯಿಪಾಠ ಮಾಡಿದೆ. ಎದುರಿಗೆ ಬಂದವರು ಈ ಟೀಚರಿಗೆ ಏನೋ ಆಗಿದೆ ಅಂದುಕೊಂಡಿರಬೇಕು.

ದಸರಾ ರಜದಲ್ಲಿ ಮತ್ತೆ ರೈಲು ಹತ್ತಿದೆ. ಕಡೂರಿನಲ್ಲಿ ಗಾಡಿ ನಿಂತಾಗ, ಹೆಗಲ ಮೇಲೆ ಟವೆಲ್ಲು ಹಾಕಿಕೊಂಡ ಮಾವ ಡಬ್ಬಿ ಡಬ್ಬಿ ಇಣುಕುತ್ತಾ ಬಂದು ನನ್ನೆದುರು ಕುಳಿತ. ಅವ್ವ ಸುದ್ದಿ ಮುಟ್ಟಿಸಿದ್ದಳು.

"ಈ ಸಲ ನೀನೇ ಮಾತಾಡು" ಅಂದ. "ನಾನು ಸುಮ್ಕೆ ಕುಂತಿರ್ತೀನಿ."

ಎರಡನೆಯ ಪ್ರಕಾಶಕರು ಕರಡು ತಿದ್ದುತ್ತಿದ್ದರು. ತಲೆ ಎತ್ತದೆಯೇ "ಏನಾಗಬೇಕಿತ್ತು?" ಅಂದರು. ಬಾಯಿಪಾಠ ಮಾಡಿದ ಮೊದಲ ಮಾತು ನನ್ನ ನಾಲಿಗೆಗೆ ಬರುವಷ್ಟರಲ್ಲಿ ಮಾವ ಎದ್ದು ನಿಂತ. ಟವೆಲ್ಲನ್ನು ಹೆಗಲಿನಿಂದ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಸಂತೆಯಲ್ಲಿ ಯಾವತ್ತೂ ಮಾರುವವರ ಹೆಸರು ಬಾಯಿ ಬಿಡದವನು, ನನ್ನ ಹೆಸರು ಹೇಳಿದ. ನಮ್ಮಪ್ಪನ ಹೆಸರು, ಊರಿನ ಹೆಸರು, ನನ್ನ ಶಾಲೆಯಿದ್ದ ಹಳ್ಳಿಯ ಹೆಸರು ಎಲ್ಲ ಹೇಳಿದ.

"ಕತೆ ಇವಳ್ದು" ಅಂದ. "ಪುಸ್ತಕದ್ ಮ್ಯಾಲೆ ಇವಳ್ ಹೆಸರೇ ಇರ್ಬೇಕು. ಅದೊಂದು ಒಪ್ಪಿಗೆ ಆದ್ರೆ ಮಿಕ್ಕಿದ್ದು ಮಾತಾಡಾನ. ಇಲ್ದಿದ್ರೆ ಈಗ್ಲೇ ಹೇಳ್ಬಿಡಿ, ಇನ್ನೊಂದ್ ಅಂಗಡಿಗೆ ಹೋಗ್ತೀವಿ."

ಪ್ರಕಾಶಕರು ಪೆನ್ನು ಕೆಳಗಿಟ್ಟು ನನ್ನ ಕಡೆ ನೋಡಿದರು. ಅಷ್ಟು ದಿನ ಕೆರೆ ಏರಿಯ ಮೇಲೆ ಬಾಯಿಪಾಠ ಮಾಡಿದ್ದನ್ನೆಲ್ಲ ಬಿಟ್ಟು, ಕತೆಗಳ ಕಟ್ಟನ್ನು ಅವರ ಮೇಜಿನ ಮೇಲಿಟ್ಟೆ. ಅವರು ಎದುರಿನ ಕುರ್ಚಿ ತೋರಿಸಿ, ನನ್ನನ್ನು ಹೆಸರು ಹಿಡಿದು ಕರೆದು, "ಕೂತ್ಕೊಳ್ಳಿ" ಅಂದರು.