ಅತ್ತೆಯ ಹಾಡಿಗೊಂದು ಹಾರ್ಡ್ ಡಿಸ್ಕ್

ನಮ್ಮ ಮನೆಯ ಕಂಪ್ಯೂಟರ್ ಮೊದಲು ನನ್ನೊಬ್ಬಳದೇ ಆಗಿತ್ತು. ಸವಣೂರಿನ ನಮ್ಮ ಮನೆಯ ಪಡಸಾಲೆಯ ಮೂಲೆಯಲ್ಲಿ ಕೂತು ನಾನು ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡುಗಳನ್ನು ಹೊಂದಿಸಿ ಪ್ರೆಸ್ಸಿನವರಿಗೆ ಕಳಿಸುತ್ತೇನೆ. ಆ ಕಂಪ್ಯೂಟರಿನಲ್ಲಿ ನಮ್ಮ ಅತ್ತೆ ಪಾಲು ಕೇಳುತ್ತಾರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಅತ್ತೆಯ ತವರು ಹಿರೇಕೆರೂರು ತಾಲ್ಲೂಕಿನ ಅಬಲೂರು. ಅವರ ಅಕ್ಕನನ್ನು ಅದೇ ಊರಿನಲ್ಲಿ ಕೊಟ್ಟಿದ್ದರಿಂದ ಆ ಅಕ್ಕ ಇಂದಿಗೂ ಅಲ್ಲಿಯೇ ಇದ್ದಾರೆ. ಅವರಿಗೆ ಕಣ್ಣು ಮಂಜಾಗಿ ಟೀವಿ ನೋಡುವುದು ನಿಂತಾಗ, ಹೊತ್ತೇ ಹೋಗುವುದಿಲ್ಲ ಎಂದು ತಂಗಿಯ ಹತ್ತಿರ ಫೋನಿನಲ್ಲಿ ಹೇಳಿಕೊಂಡರು. ಚಿಕ್ಕವರಿದ್ದಾಗ ಇಬ್ಬರೂ ಬೀಸುವ ಕಲ್ಲಿನ ಎದುರು ಕೂತು ಹಾಡುತ್ತಿದ್ದ ಪದವೊಂದನ್ನು ಅತ್ತೆ ಫೋನಿನಲ್ಲೇ ಶುರು ಮಾಡಿದರು. ಅರ್ಧಕ್ಕೆ ಫೋನ್ ಕಟ್ಟಾಯಿತು. ಅತ್ತೆಯ ಮುಖ ನೋಡಲಾಗದೆ, ಕಂಪ್ಯೂಟರಿನಲ್ಲಿ ಹಾಡಿದರೆ ತುಂಬಿಸಿ ಕಳಿಸುತ್ತೇನೆ, ಅಕ್ಕ ಬೇಕಾದಷ್ಟು ಸಲ ಕೇಳಬಹುದು ಎಂದೆ. ಮನೆಯಲ್ಲಿದ್ದ ಸಣ್ಣ ಮೈಕನ್ನು ಸಿಕ್ಕಿಸಿ, ಅತ್ತೆಯನ್ನು ನನ್ನ ಕುರ್ಚಿಯಲ್ಲಿ ಕೂರಿಸಿದೆ.

ಅವರು ಹಾಡುತ್ತಿದ್ದಂತೆ ಪರದೆಯ ಮೇಲೆ ದನಿಯ ಗೆರೆಗಳು ಏಳುತ್ತ ಬೀಳುತ್ತ ಸಾಗಿದವು. ಅತ್ತೆ ಹಾಡು ನಿಲ್ಲಿಸಿ ಅದನ್ನೇ ನೋಡಿದರು.

"ನನ್ನ ದನಿ ಹಿಂಗ ಜ್ವಾಳದ ಸಾಲಿನಂಗ ಕಾಣತೈತೇನು?" ಅಂದರು.

ಅಂದಿನಿಂದ ಅದೊಂದು ಹುಚ್ಚಾಯಿತು. ಬೆಳಿಗ್ಗೆ ರೊಟ್ಟಿ ಬಡಿದು ಕೈ ತೊಳೆದ ಕೂಡಲೇ ಅತ್ತೆ ಕಂಪ್ಯೂಟರಿನ ಮುಂದೆ ಹಾಜರ್. ಕೆಂಪು ಗುಂಡಿ ಒತ್ತಿದರೆ ಶುರು, ಚೌಕ ಒತ್ತಿದರೆ ಬಂದ್ ಎಂಬುದನ್ನು ಕಲಿತುಬಿಟ್ಟರು. ತೊಟ್ಟಿಲ ಹಾಡು, ಸೋಬಾನೆ, ಬೀಗರನ್ನು ಕಾಡುವ ಹಾಡು, ಬೀಸುವ ಪದ, ಒಂದಾದ ಮೇಲೊಂದು ಹೊರಬಂದವು. ನಾನು ಅವನ್ನು ಅಬಲೂರಿನ ಅಕ್ಕನ ಸೊಸೆಯ ಮೊಬೈಲಿಗೆ ಕಳಿಸುತ್ತಿದ್ದೆ. ಅಲ್ಲಿ ಹಾಡು ಕೇಳಲು ಅಕ್ಕಪಕ್ಕದ ಮನೆಯ ಹೆಂಗಸರೂ ಬಂದು ಕೂರುತ್ತಾರೆ ಎಂಬ ಸುದ್ದಿ ಬಂದ ದಿನ ಅತ್ತೆ ಹೊಸ ಇಳಕಲ್ ಸೀರೆ ಉಟ್ಟು ಹಾಡಲು ಕೂತರು. ದನಿಯಷ್ಟೇ ಹೋಗುತ್ತದೆ, ಸೀರೆ ಕಾಣುವುದಿಲ್ಲ ಎಂದು ನಾನು ನೆನಪಿಸಿದರೂ ಕೇಳಲಿಲ್ಲ.

ಹೀಗೆ ವರ್ಷ ಕಳೆಯುವಷ್ಟರಲ್ಲಿ ಕಂಪ್ಯೂಟರ್ ಏದುಸಿರು ಬಿಡತೊಡಗಿತು. ಮೊದಲೇ ಹಳೆಯ ಹಾರ್ಡ್ ಡಿಸ್ಕ್. ಜಾಗ ತುಂಬಿದ್ದಕ್ಕೆ ಪರದೆಯಲ್ಲಿ ಕೆಂಪು ಪಟ್ಟಿ ಬಂದಿತ್ತು. ಒಂದು ಲಗ್ನಪತ್ರಿಕೆ ತೆರೆಯಲು ಹೇಳಿ, ಒಳಗೆ ಹೋಗಿ ಚಹಾ ಕಾಸಿಕೊಂಡು ಬಂದರೂ ಅದು ಇನ್ನೂ ತೆರೆಯುತ್ತಲೇ ಇರುತ್ತಿತ್ತು. ನೋಡಿದರೆ, ಅತ್ತೆ ಕೆಮ್ಮಿ ನಿಲ್ಲಿಸಿದ್ದು, ಮರೆತು ಮತ್ತೆ ಶುರು ಮಾಡಿದ್ದು, ಹಾಲಿನವನ ಜೊತೆ ಮಾತಾಡಿದ್ದು ಎಲ್ಲವೂ ಒಳಗೆ ಕೂತಿದ್ದವು. ಹಾಡಿಲ್ಲದ್ದನ್ನು ಅಳಿಸೋಣವೇ ಎಂದು ಮೆಲ್ಲಗೆ ಕೇಳಿದೆ.

"ಕೆಮ್ಮಿದ್ರ ಏನಾತು? ಅದೂ ನನ್ನ ಕೆಮ್ಮ ಅಲ್ಲೇನು? ಇರ್ಲಿ ಬಿಡು," ಅಂದರು.

ಅಲ್ಲಿಗೆ ಹೊಸ ಹಾರ್ಡ್ ಡಿಸ್ಕ್ ತರುವುದು ಖಾಯಂ ಆಯಿತು. ಆದರೆ ಎಂಥದ್ದು ತರಬೇಕು ಎಂಬುದರ ಮೇಲೆ ಮನೆ ಎರಡಾಯಿತು. ನಮ್ಮ ಮನೆಯವರದು ಮೋಟಾರ್ ವೈಂಡಿಂಗ್ ಅಂಗಡಿ. ತಿರುಗುವ ವಸ್ತುವಿನ ಮೇಲೆ ಅವರಿಗೆ ತುಂಬ ನಂಬಿಕೆ. ಒಳಗೆ ತಟ್ಟೆ ತಿರುಗುವ ಹಳೆಯ ಮಾದರಿಯ ದೊಡ್ಡ ಡಿಸ್ಕೇ ಬೇಕು, ಅಷ್ಟೇ ರೊಕ್ಕಕ್ಕೆ ನಾಲ್ಕು ಪಟ್ಟು ಜಾಗ ಸಿಗುತ್ತದೆ, ಕೆಡುವ ಮುಂಚೆ ಸದ್ದು ಮಾಡಿ ಸುಳಿವು ಕೊಡುತ್ತದೆ ಎಂಬುದು ಅವರ ವಾದ. ನನಗೆ ತಿರುಗುವ ತಟ್ಟೆಯೇ ಇಲ್ಲದ, ವೇಗದ ಹೊಸ ಮಾದರಿಯ ಎಸ್ಸೆಸ್ಡಿ ಬೇಕಿತ್ತು. ಹತ್ತಿಮತ್ತೂರಿನ ನನ್ನ ಅಣ್ಣ ತನ್ನ ಬೀಜದಂಗಡಿಯ ಕಂಪ್ಯೂಟರಿಗೆ ಅದನ್ನು ಹಾಕಿಸಿದ್ದ. ತವರಿಗೆ ಹೋದಾಗ ನೋಡಿದ್ದೆ, ಗುಂಡಿ ಒತ್ತಿ ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಅದು ತಯಾರಾಗಿ ಕಾಯುತ್ತಿತ್ತು. ಊಟದ ಹೊತ್ತಿನಲ್ಲೂ ನಮ್ಮ ಮಾತು ಅದೇ. ಒಂದು ದಿನ ಅತ್ತೆ ತಟ್ಟೆ ಸರಿಸಿ, ತುಂಬುವುದು ತಮ್ಮ ಹಾಡು, ಹಾಗಾಗಿ ಆರಿಸುವವರೂ ತಾವೇ ಎಂದು ಸಾರಿದರು.

ಮರುದಿನವೇ ಅತ್ತೆ ಮತ್ತು ನಾನು ಶಿಗ್ಗಾಂವಿಯ ಬಸ್ಸು ಹತ್ತಿದೆವು. ಅಲ್ಲಿ ನನಗೆ ಪರಿಚಯದ ಒಂದು ಕಂಪ್ಯೂಟರ್ ಅಂಗಡಿ ಇದೆ. ಒಡತಿ ನನ್ನ ವಯಸ್ಸಿನವಳು, ಮಾತುಗಾರ್ತಿ. ಬಂದ ಕಾರಣ ಹೇಳಿದಾಗ ಅವಳಿಗೆ ಬಹಳ ಖುಷಿಯಾಯಿತು. ಅತ್ತೆಗೆ ಕುರ್ಚಿ ಹಾಕಿ, ಎರಡು ಡಿಸ್ಕುಗಳನ್ನು ಅವರ ಮಡಿಲಲ್ಲೇ ಇಟ್ಟಳು. ದೊಡ್ಡದು ಇಟ್ಟಿಗೆಯ ತುಂಡಿನಂತೆ ಭಾರ. ಎಸ್ಸೆಸ್ಡಿ ಎಲೆಯಡಿಕೆಯ ಸಣ್ಣ ಡಬ್ಬಿಯಷ್ಟು, ಎತ್ತಿದರೆ ಎತ್ತಿದಂತೆಯೇ ಇಲ್ಲ. ಅತ್ತೆ ಅದನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದರು.

"ಇದರೊಳಗ ಏನರ ಐತೋ ಇಲ್ಲೋ?"

ಒಡತಿ ನಕ್ಕು, ಅಂಗಡಿಯಲ್ಲಿದ್ದ ಎರಡು ಕಂಪ್ಯೂಟರುಗಳನ್ನು ಅಕ್ಕಪಕ್ಕ ಇಟ್ಟಳು. ಒಂದರಲ್ಲಿ ತಟ್ಟೆಯ ಡಿಸ್ಕು, ಇನ್ನೊಂದರಲ್ಲಿ ಎಸ್ಸೆಸ್ಡಿ. ಎರಡನ್ನೂ ಒಟ್ಟಿಗೆ ಚಾಲೂ ಮಾಡಿದಳು. ಎಸ್ಸೆಸ್ಡಿಯದು ಆಗಲೇ ತೆರೆದುಕೊಂಡಿತು, ಮತ್ತೊಂದು ಇನ್ನೂ ಚುಕ್ಕಿ ತಿರುಗಿಸುತ್ತಿತ್ತು. ನಾನು ಗೆದ್ದೆನೆಂದುಕೊಂಡೆ. ಅತ್ತೆಗೆ ಆ ಓಟದ ಬಗ್ಗೆ ಗಮನವೇ ಇರಲಿಲ್ಲ. ಎದ್ದು ಹೋಗಿ ಒಂದೊಂದು ಡಬ್ಬಕ್ಕೂ ಕಿವಿ ಹಚ್ಚಿ ನಿಂತರು. ತಟ್ಟೆಯದು ಗರ್ ಎನ್ನುತ್ತಿತ್ತು. ಎಸ್ಸೆಸ್ಡಿಯದರಲ್ಲಿ ಫ್ಯಾನಿನ ಸಣ್ಣ ಗಾಳಿ ಬಿಟ್ಟರೆ ಏನೂ ಇಲ್ಲ.

ಆಗ ನನಗೆ ಹೊಳೆಯಿತು. ನಮ್ಮ ಮನೆಯ ಮೈಕು ಇರುವುದು ಕಂಪ್ಯೂಟರಿನ ಡಬ್ಬದ ಪಕ್ಕದಲ್ಲೇ. ಅತ್ತೆಯ ಎಲ್ಲ ಹಾಡುಗಳ ಹಿಂದೆ ಒಂದು ಗರ್ ಸದ್ದು ಕೇಳಿಸುತ್ತಿತ್ತು. ಅದು ಮೈಕಿನ ದೋಷವೆಂದೇ ನಾನು ತಿಳಿದಿದ್ದೆ. ಒಡತಿಗೆ ಹೇಳಿದಾಗ ಅವಳು ಜಗಳ ಮುಗಿಸುವ ದಾರಿ ತೋರಿಸಿದಳು. ಎರಡನ್ನೂ ಹಾಕಿಸಿಕೊಳ್ಳುವುದು. ಕೆಲಸ ಮಾಡುವುದು, ಹಾಡು ತುಂಬುವುದು ಚಿಕ್ಕ ಎಸ್ಸೆಸ್ಡಿಯಲ್ಲಿ. ಮುಗಿದ ಹಾಡುಗಳನ್ನು ಒಯ್ದು ಇಡಲು ದೊಡ್ಡ ಡಿಸ್ಕು. ಕೆಲಸವಿಲ್ಲದಾಗ ಅದು ತಿರುಗುವುದನ್ನು ನಿಲ್ಲಿಸಿ ಸುಮ್ಮನಿರುತ್ತದೆ ಎಂದಳು.

"ಅಡಗಿಮನಿ ಒಂದು, ಉಗ್ರಾಣ ಒಂದು. ಹಂಗಾದ್ರ ಎರಡೂ ಬೇಕಲ್ಲ," ಎಂದು ಅತ್ತೆ ತೀರ್ಪು ಕೊಟ್ಟರು.

ಬರುವಾಗ ಬಸ್ಸಿನಲ್ಲಿ ಅತ್ತೆ ಎರಡೂ ಡಬ್ಬಿಗಳನ್ನು ಸೆರಗಿನಲ್ಲಿ ಸುತ್ತಿ ಹಿಡಿದಿದ್ದರು. ಸಂಜೆ ನಮ್ಮ ಮನೆಯವರು ಸ್ಕ್ರೂಡ್ರೈವರ್ ಹಿಡಿದು ಕೂತು, ಎಸ್ಸೆಸ್ಡಿಯನ್ನು ನನಗೆ ಬಿಟ್ಟು ದೊಡ್ಡ ಡಿಸ್ಕನ್ನು ತಾವೇ ಎತ್ತಿ ಕೂರಿಸಿದರು, ತಮ್ಮ ಪಕ್ಷದ ಗೌರವಕ್ಕಾಗಿ. ಹಳೆಯ ಹಾಡುಗಳೆಲ್ಲ ಕೆಮ್ಮು ಸಮೇತ ಅದರೊಳಗೆ ಹೋದವು, ಹಳೆಯ ಡಿಸ್ಕು ಹೊರಬಿತ್ತು. ಮರುದಿನ ಅತ್ತೆ ಹೊಸ ಎಸ್ಸೆಸ್ಡಿಯಲ್ಲಿ ಮೊದಲ ಹಾಡು ಹಾಡಿದರು. ಕೇಳಿದಾಗ ಹಿಂದಿನ ಗರ್ ಸದ್ದು ಇರಲಿಲ್ಲ. ಅವರು ಉಸಿರು ತೆಗೆದುಕೊಳ್ಳುವುದೂ, ಬಳೆ ಸರಿಯುವುದೂ ಕೇಳಿಸುತ್ತಿತ್ತು. ಹೆಮ್ಮೆಯಿಂದ ಅಬಲೂರಿಗೆ ಕಳಿಸಿದೆ.

ಮಧ್ಯಾಹ್ನವೇ ಫೋನ್ ಬಂತು. ಅಕ್ಕನ ದನಿಯಲ್ಲಿ ಆತಂಕವಿತ್ತು.

"ಯಾಕವಾ, ಆರಾಮಿಲ್ಲೇನು ನಿನಗ? ಇವತ್ತ ಬೀಸೂದು ಬಿಟ್ಟು ಬರೇ ಹಾಡಿಯಲ್ಲ?"

ಅತ್ತೆ ಏನೆಂದು ತಿಳಿಯದೆ ನನ್ನ ಮುಖ ನೋಡಿದರು. ಬಿಡಿಸಿ ಕೇಳಿದಾಗ ಗೊತ್ತಾಯಿತು. ಇಷ್ಟು ದಿನವೂ ಹಾಡಿನ ಹಿಂದಿದ್ದ ಆ ಗರ್ ಸದ್ದನ್ನು ಅಕ್ಕ ಬೀಸುವ ಕಲ್ಲಿನದೆಂದೇ ತಿಳಿದಿದ್ದರು. ತಂಗಿ ಈ ವಯಸ್ಸಿನಲ್ಲೂ ದಿನಾ ಕಲ್ಲು ತಿರುಗಿಸುತ್ತ ಹಾಡುತ್ತಾಳೆ, ಗಟ್ಟಿ ಹೆಣ್ಣು ಎಂದು ನೆರೆಯವರಿಗೆಲ್ಲ ಹೇಳಿಕೊಂಡಿದ್ದರು. ಅತ್ತೆಗೆ ನಗು ತಡೆಯಲಾಗಲಿಲ್ಲ. ಫೋನ್ ನನ್ನ ಕೈಗೆ ಕೊಟ್ಟು ನೆಲದ ಮೇಲೆ ಕೂತು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಕಂಪ್ಯೂಟರಿನ ಒಳಗೆ ತಿರುಗುವ ತಟ್ಟೆಯ ಸಂಗತಿಯನ್ನು ನಾನು ಅಬಲೂರಿಗೆ ವಿವರಿಸಬೇಕಾಯಿತು. ಎಲ್ಲ ಕೇಳಿಸಿಕೊಂಡ ಅಕ್ಕ, ಕಲ್ಲಿಲ್ಲದ ಪದ ತನಗೆ ರುಚಿಸುವುದಿಲ್ಲ ಎಂದರು.

ಫೋನ್ ಇಟ್ಟ ಮೇಲೆ ಅತ್ತೆ ಹಿತ್ತಲಿಗೆ ನಡೆದರು. ಬಾಳೆಗಿಡದ ಬುಡದಲ್ಲಿ ಅವರು ಮದುವೆಯಾಗಿ ಬಂದಾಗಿನ ಬೀಸುವ ಕಲ್ಲು ಮಣ್ಣಲ್ಲಿ ಅರ್ಧ ಹೂತಿತ್ತು. ನಮ್ಮ ಮನೆಯವರು ಅದನ್ನು ಎತ್ತಿ ತೊಳೆದು, ಹೊಸ ಗೂಟ ಹೊಡೆದು ಪಡಸಾಲೆಗೆ ತಂದಿಟ್ಟರು. ಅದೂ ತಿರುಗುವ ವಸ್ತುವೇ ಆದ್ದರಿಂದ ಅವರ ಉತ್ಸಾಹಕ್ಕೆ ಮಿತಿಯಿರಲಿಲ್ಲ. ಆದರೆ ಒಬ್ಬರೇ ಬೀಸಲು ಹೋದಾಗ ಅತ್ತೆಗೆ ಎರಡು ಸುತ್ತಿಗೇ ತೋಳು ಸೋತಿತು. ಅಕ್ಕನಿಗೆ ಫೋನ್ ಮಾಡಿ, ಕಲ್ಲಿನ ಪದ ಬೇಕಿದ್ದರೆ ಬಂದು ಕೈ ಹಚ್ಚು ಎಂದರು.

ಅಕ್ಕ ನಿಜವಾಗಿಯೂ ಬಂದರು, ಸೊಸೆಯ ಕೈಹಿಡಿದು, ಬಸ್ಸು ಬದಲಿಸುತ್ತ. ಸವಣೂರಿನ ಕುರುಕಲು ಖಾರ, ಚಹಾ ಮುಗಿಸಿ ಇಬ್ಬರೂ ಕಲ್ಲಿನ ಎದುರುಬದುರು ಕಾಲು ಚಾಚಿ ಕೂತರು. ಅಕ್ಕ ತಡಕಾಡದೆ ಗೂಟ ಹಿಡಿದರು. ಅದಕ್ಕೆ ಕಣ್ಣು ಬೇಕಿರಲಿಲ್ಲ. ಅತ್ತೆ ಒಂದು ಹಿಡಿ ಜೋಳ ಹಾಕಿದರು. ನಾನು ಮೈಕನ್ನು ನಡುವೆ ಇಟ್ಟು ಕೆಂಪು ಗುಂಡಿ ಒತ್ತಿದೆ.

ಮೊದಲ ನುಡಿ ಚೆನ್ನಾಗಿ ಬಂತು. ಎರಡನೆಯದಕ್ಕೆ ಜಗಳ ಶುರು. ಹಾಡಿನಲ್ಲಿ ಬರುವ ಅಣ್ಣ ತಂಗಿಗೆ ತಂದದ್ದು ಹಸಿರು ಸೀರೆಯೋ ಕೆಂಪು ಸೀರೆಯೋ ಎಂಬುದೇ ತಕರಾರು. ಕಲ್ಲು ಮಾತ್ರ ನಿಲ್ಲಲಿಲ್ಲ. ಕೊನೆಗೆ ಅಕ್ಕ ಹಸಿರು ಎಂದೂ ಅತ್ತೆ ಕೆಂಪು ಎಂದೂ ಒಂದೇ ಉಸಿರಿಗೆ ಹಾಡಿ, ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಅಕ್ಕ ಎರಡು ದಿನಕ್ಕೆಂದು ಬಂದವರು ಹತ್ತಿರದಲ್ಲೇ ಇದ್ದ ಹಬ್ಬ ಮುಗಿಯುವವರೆಗೂ ಉಳಿದರು. ಅಷ್ಟೂ ದಿನ ನಮ್ಮ ಮನೆಯಲ್ಲಿ ಅವರು ಬೀಸಿದ ಜೋಳದ ನುಚ್ಚು, ಮಜ್ಜಿಗೆಯದೇ ಊಟ. ನನ್ನ ಲಗ್ನಪತ್ರಿಕೆಗಳ ಕೆಲಸವನ್ನು ಅವರಿಬ್ಬರೂ ಎದ್ದು ಬಂದು ಕಂಪ್ಯೂಟರ್ ಹಿಡಿಯುವ ಮುಂಚೆಯೇ ಮುಗಿಸಿಕೊಳ್ಳುತ್ತಿದ್ದೆ.