ಬಿಚ್ಚದೆ ಉಳಿದ ಪುರಾಣ

ಇವತ್ತು ಊರ ಗುಡಿಯಲ್ಲಿ ಲೋಬಾನದ ಹೊಗೆ ಮೂಗಿಗೆ ಬಡಿಯಿತು. ಅಜ್ಜನ ಪುರಾಣದ ಪುಸ್ತಕಕ್ಕೂ ಇದೇ ವಾಸನೆ ಇತ್ತು.

ನಾನು ಹುಡುಗಿಯಾಗಿದ್ದಾಗ ನಿಜಾಮರ ಕಾಲ, ಶಾಲೆಯಲ್ಲೆಲ್ಲ ಉರ್ದು. ನನಗೆ ಕನ್ನಡ ಕಲಿಸಿದ್ದು ಅಜ್ಜ, ನನ್ನ ಬೆರಳು ಹಿಡಿದು ಉಸುಕಿನ ಮೇಲೆ ಬರೆಸಿ. ಶ್ರಾವಣದಲ್ಲಿ ಗುಡಿಯಲ್ಲಿ ಪುರಾಣ ಓದುವವನು ಅವನೇ. ಅವನ ಕಣ್ಣು ಮಂಜಾದ ಮೇಲೆ ನಾನು ಬೆನ್ನ ಹಿಂದೆ ಕೂತು ಸಾಲು ಪಿಸುಗುಟ್ಟುತ್ತಿದ್ದೆ, ಅವನು ದನಿಯೆತ್ತಿ ಹೇಳುತ್ತಿದ್ದ.

ಅಜ್ಜ ತೀರಿದ ವರ್ಷ ಓದುವವರಿರಲಿಲ್ಲ.

"ಗೌಡ್ರ, ನಾ ಓದ್ತೀನ್ರಿ," ಎಂದೆ.

ಊರಗೌಡರು ನಕ್ಕರು. "ಹೆಣ್ಣುಡುಗಿ ಓದಿದ್ದು ಕೇಳಿದ್ರ ಪುಣ್ಯ ಬರ್ತೈತೇನವಾ? ಮನಿಗೆ ಹೋಗಿ ರೊಟ್ಟಿ ಬಡಿ."

ಅಲ್ಲಿಯವರೆಗೆ ಅವರು ಕೇಳಿದ್ದು ನನ್ನ ಓದನ್ನೇ ಎಂದು ಹೇಳಲಿಲ್ಲ, ಹೇಳಿದ್ದರೆ ಅಜ್ಜನ ಮಾನ ಹೋಗುತ್ತಿತ್ತು. ಆ ಶ್ರಾವಣ ಪುಸ್ತಕಕ್ಕೆ ಸುತ್ತಿದ್ದ ಬಟ್ಟೆಯನ್ನು ಯಾರೂ ಬಿಚ್ಚಲೇ ಇಲ್ಲ.

ಇವತ್ತು ಅದೇ ಗುಡಿಯಲ್ಲಿ ಪುರಾಣದ ಕ್ಯಾಸೆಟ್ ಹಚ್ಚಿದ್ದರು. ಹೆಣ್ಣಿನ ದನಿ. ಗೌಡರ ಮಗ ಕಣ್ಣು ಮುಚ್ಚಿ ಕೈಮುಗಿದು ಕೂತಿದ್ದ. ನಾನೂ ಕೈಮುಗಿದೆ, ದೇವರಿಗಷ್ಟೇ.