ನಂಜಪ್ಪಮಾವ ತೋರಿಸಿದ ಬೆಂಗಳೂರು

ನಂಜಪ್ಪಮಾವನ ಬಾಯಲ್ಲಿ ‘ಗೊತ್ತಿಲ್ಲ’ ಅನ್ನುವ ಮಾತನ್ನು ನಾನು ಒಮ್ಮೆಯೂ ಕೇಳಲಿಲ್ಲ. ಯಲಹಂಕದ ಪುಟ್ಟೇನಹಳ್ಳಿ ಕೆರೆಯ ಹತ್ತಿರ, ತನ್ನ ಸೀಮೆಹಸುಗಳ ಕೊಟ್ಟಿಗೆಯ ಮುಂದೆ, ಕಲ್ಲು ಚಪ್ಪಡಿಯ ಮೇಲೆ ಕೂತಿರುತ್ತಿದ್ದ. ದಾರಿಯಲ್ಲಿ ಹೋಗುವವರು ಯಾವ ವಿಳಾಸ ಕೇಳಲಿ, ಉತ್ತರ ಸಿದ್ಧ. ಅವನು ಅವರೆಕಾಯಿ ಬೆಳೆದ ಹೊಲದಲ್ಲೇ ಕ್ರಾಸು, ಮೇನುಗಳು ಹುಟ್ಟಿಕೊಂಡ ಮೇಲೂ ಆ ಉತ್ತರಗಳಿಗೆ ಬರ ಬರಲಿಲ್ಲ. ಅರ್ಧಕ್ಕರ್ಧ ತಪ್ಪಾಗಿರುತ್ತಿದ್ದವು, ಅಷ್ಟೆ. ಒಮ್ಮೆ ಕೊರಿಯರ್‌ನವನೊಬ್ಬನನ್ನು ರಾಜಾನುಕುಂಟೆವರೆಗೂ ಅಟ್ಟಿದ್ದ. ಪಾಪ, ಆತ ಹುಡುಕುತ್ತಿದ್ದ ಮನೆ ಕೊಟ್ಟಿಗೆಯ ಹಿಂದಿನ ಬೀದಿಯಲ್ಲೇ ಇತ್ತು.

“ಗೊತ್ತಿಲ್ಲ ಅಂದ್ಬಿಟ್ರೆ ಏನಾಗತ್ತೆ ಮಾವ?” ಎಂದು ಕೇಳಿದರೆ, “ಊರೋನಾಗಿ ಅಂಗನ್ನಕ್ಕಾಯ್ತದೇನ್ಲಾ? ನಂಬ್ಕೊಂಡು ಕೇಳವ್ರೆ. ಬರಿಗೈಲಿ ಕಳ್ಸಕ್ಕಾಯ್ತದಾ?” ಎನ್ನುತ್ತಿದ್ದ.

ಮಾವನ ಲೆಕ್ಕದಲ್ಲಿ ಬೆಂಗಳೂರು ಶುರುವಾಗುತ್ತಿದ್ದುದು ಹೆಬ್ಬಾಳ ದಾಟಿದ ಮೇಲೆ. ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡು “ಬೆಂಗ್ಳೂರ್ಗೆ ಓಗ್ಬರ್ತೀನಿ” ಎಂದು ಅವನು ಹೊರಟಾಗಲೆಲ್ಲ ನಾನು ನಗುತ್ತಿದ್ದೆ. ನಗುವುದಕ್ಕೆ ನನಗಾದರೂ ಯಾವ ಯೋಗ್ಯತೆ ಇತ್ತು? ಯಲಹಂಕದಲ್ಲೇ ಹುಟ್ಟಿ, ಅಲ್ಲೇ ಕಾಲೇಜೊಂದರ ಆಫೀಸಿನಲ್ಲಿ ಕುರ್ಚಿ ಸವೆಸುತ್ತಿದ್ದ ನಾನು ವಿಧಾನಸೌಧವನ್ನು ಹೆಚ್ಚಾಗಿ ನೋಡಿದ್ದು ಟಿವಿಯಲ್ಲೇ.

ಆಗ ನನಗೆ ಮದುವೆಯ ವಯಸ್ಸು ಮೀರುತ್ತಾ ಬಂದಿತ್ತು. ಹೆಣ್ಣಿನ ಕಡೆಯವರು ಬರುತ್ತಿದ್ದರು, ನನ್ನ ತಲೆಯ ಮೇಲೆ ಉಳಿದಿದ್ದ ಕೂದಲನ್ನು ನೋಡುತ್ತಿದ್ದರು, ಅಮ್ಮ ಮಾಡಿದ ಕಾಫಿ ಚೆನ್ನಾಗಿದೆ ಎಂದು ಹೇಳಿ ಹೋಗಿಬಿಡುತ್ತಿದ್ದರು. ಅಂಥ ಹೊತ್ತಿನಲ್ಲಿ ನಮ್ಮ ಕಾಲೇಜಿಗೆ ಪಾಠ ಹೇಳಲು ಗದಗಿನಿಂದ ಅನ್ನಪೂರ್ಣ ಬಂದಳು. ನನ್ನನ್ನು ಯಾಕೆ ಮೆಚ್ಚಿದಳೋ, ಇವತ್ತಿಗೂ ಕೇಳುವ ಧೈರ್ಯವಾಗಿಲ್ಲ. “ಬೆಂಗಳೂರಿನ ಗಲ್ಲಿ ಗಲ್ಲಿಯೂ ನನಗೆ ಗೊತ್ತು” ಎಂದು ಅವಳ ಮುಂದೆ ಕೊಚ್ಚಿಕೊಂಡಿದ್ದಂತೂ ನಿಜ. ಇನ್ನು ಅವಳ ತಂದೆ ಒಪ್ಪಬೇಕಿತ್ತು. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾಗಿದ್ದ ಅವರನ್ನು ಎಲ್ಲರೂ ಮಾಸ್ತರು ಎನ್ನುತ್ತಿದ್ದರು. ಅವರು ಫೋನ್ ಮಾಡಿ, “ಶನಿವಾರ ಬರ್ತೀವ್ರಿ. ನಮ್ಮ ಮನಿಯವರು ಬೆಂಗಳೂರು ನೋಡಿಲ್ಲ. ರಾಜಧಾನಿ ನೋಡಿಧಂಗೂ ಆತು, ನಿಮ್ಮ ಮನಿತನ ನೋಡಿಧಂಗೂ ಆತು” ಎಂದರು.

ಅಪ್ಪ ತೀರಿಕೊಂಡ ಮೇಲೆ ನಮಗೆ ಹಿರಿಯ ಎಂದು ಇದ್ದವನು ಅಮ್ಮನ ಅಣ್ಣನಾದ ನಂಜಪ್ಪಮಾವನೊಬ್ಬನೇ. ಅವನು ಶನಿವಾರ ಬೆಳಿಗ್ಗೆಯೇ ಹಾಲು ಕರೆದು ಮುಗಿಸಿ, ಅದೇ ಬಿಳಿ ಶರಟು ಹಾಕಿಕೊಂಡು ಬಂದು, ಬಾಡಿಗೆ ವ್ಯಾನಿನಲ್ಲಿ ಡ್ರೈವರ್ ಪಕ್ಕ ಕೂತ. “ನೀನ್ ತೆಪ್ಪಗಿರ್ಲಾ, ನಾನ್ ನೋಡ್ಕೋತೀನಿ” ಎಂದ. ನಾನು ತೆಪ್ಪಗಿರಬೇಕಿತ್ತು.

ವಿಧಾನಸೌಧ ತೋರಿಸುವುದೇನೂ ಕಷ್ಟವಾಗಲಿಲ್ಲ, ಹೆಸರು ಅಲ್ಲೇ ಬರೆದಿತ್ತು. ಎದುರಿನ ಕೆಂಪು ಕಟ್ಟಡ ಏನೆಂದು ಮಾಸ್ತರು ಕೇಳಿದಾಗ ನಾನು ಮಾವನ ಕಡೆ ನೋಡಿದೆ. “ಅದಾ? ಮಾರಾಜ್ರ ಕುದ್ರೆ ಲಾಯ” ಎಂದ ಮಾವ. ವ್ಯಾನು ಸ್ವಲ್ಪ ಮುಂದೆ ಹೋಗುತ್ತಿದ್ದಂತೆ ಹೈಕೋರ್ಟಿನ ಬೋರ್ಡು ಎಲ್ಲರ ಕಣ್ಣಿಗೂ ಬಿತ್ತು. ಮಾವ ಕದಲಲಿಲ್ಲ. “ಕುದ್ರೆ ಓದ್ಮೇಲೆ ಕೋರ್ಟ್ ಬಂತು” ಎಂದ. ಲಾಲ್‌ಬಾಗಿನಲ್ಲಿ ಆ ದೊಡ್ಡ ಬಂಡೆಯನ್ನು ತೋರಿಸಿ, ಅದನ್ನು ನಂದಿಬೆಟ್ಟದಿಂದ ಆನೆ ಕಟ್ಟಿ ಎಳೆಸಿಕೊಂಡು ತಂದದ್ದು ಎಂದುಬಿಟ್ಟ. “ಹೌದೇನ್ರಿ!” ಎನ್ನುತ್ತಾ ಮಾಸ್ತರು ಕನ್ನಡಕ ಒರೆಸಿಕೊಂಡು ಮತ್ತೆ ಮತ್ತೆ ನೋಡಿದರು. ನಾನು ಬೆವರು ಒರೆಸಿಕೊಂಡೆ.

ಊಟಕ್ಕೆ ಮನೆಗೆ ಹಿಂತಿರುಗಬೇಕಿತ್ತು. ಅಮ್ಮ ಒಬ್ಬಟ್ಟು ಮಾಡಿಟ್ಟು ಕಾಯುತ್ತಿದ್ದಳು. ಡ್ರೈವರ್ ಫೋನಿನಲ್ಲಿ ದಾರಿ ಹಾಕುತ್ತಿದ್ದ. ಹಿಂದೆ ತಾಯಿಯ ಪಕ್ಕ ಕೂತಿದ್ದ ಅನ್ನಪೂರ್ಣ ನನ್ನ ಕಡೆ ನೋಡಿದಳು ಅನ್ನಿಸಿದ್ದೇ ತಡ, ನನ್ನೊಳಗಿನ ಗಲ್ಲಿ ಗಲ್ಲಿ ಬಲ್ಲವನು ಎದ್ದು ನಿಂತ. “ಅದೆಲ್ಲ ಯಾಕ್ ಗುರು, ಆಫ್ ಮಾಡಿ. ಶಾರ್ಟ್‌ಕಟ್ ನಾನ್ ಹೇಳ್ತೀನಿ” ಎಂದೆ. ಎಡಕ್ಕೆ ಎಂದೆ, ಮತ್ತೂ ಎಡಕ್ಕೆ ಎಂದೆ. ಕೊನೆಗೆ ನಾವು ಬಂದು ಸಿಕ್ಕಿಕೊಂಡದ್ದು ಯಶವಂತಪುರದ ಈರುಳ್ಳಿ ಮಂಡಿಯಲ್ಲಿ. ಹಿಂದೆ ಲಾರಿ, ಮುಂದೆ ಲಾರಿ. ಮಾಸ್ತರ ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡರು. “ಯಾವ ಕಡಿ ಬಂದೇವ್ರಿ?” ಎಂದು ಮಾಸ್ತರು ನನ್ನನ್ನೇ ಕೇಳಿದರು. ಈ ಸಂಬಂಧವೂ ಕೈಬಿಟ್ಟಿತು ಅಂದುಕೊಂಡೆ.

“ನಾನೇ ಏಳಿದ್ದು ಇವ್ನಿಗೆ, ಇಂಗೇ ಕರ್ಕೊಂಡ್ ಬಾ ಅಂತ” ಎಂದ ಮಾವ, ಹಿಂದಕ್ಕೆ ತಿರುಗಿ. “ನಿಮ್ ಸೀಮೆ ಈರುಳ್ಳಿ ಬಂದು ಬೀಳೋದು ಇಲ್ಲೇ ಕಣ್ರೀ. ಇದ್ನ ತೋರ್ಸ್ದೆ ಕಳ್ಸಿದ್ರೆ ನಾವೆಂಥ ನೆಂಟ್ರು? ಇಳೀರಿ, ಇಳೀರಿ.”

ಮಾಸ್ತರು ಇಳಿದರು. ಮೂಟೆ ಹೊರುತ್ತಿದ್ದವರಲ್ಲಿ ಒಬ್ಬ ರೋಣದವನು ಸಿಕ್ಕ, ಇನ್ನೊಬ್ಬ ನರಗುಂದದವನು. “ಏ ತಮ್ಮಾ, ನಮ್ಮ ಕಡ್ಯಾಂವ ಏನ್ಲೇ ನೀ!” ಎಂದು ಮಾಸ್ತರು ಅವರ ಹೆಗಲ ಮೇಲೆ ಕೈ ಹಾಕಿ ಮಾತಿಗೆ ನಿಂತುಬಿಟ್ಟರು. ವಿಧಾನಸೌಧದ ಮುಂದೆ ಕಾಣದ ಗೆಲುವು ಅವರ ಮುಖದಲ್ಲಿತ್ತು. ಒಬ್ಬಟ್ಟು ಆರಿಹೋಯಿತು ಎಂದು ಅಮ್ಮ ಬೈದದ್ದು ಬೇರೆ ಮಾತು. ಮರುದಿನ ಊರಿಗೆ ಹೊರಡುವಾಗ ಮಾಸ್ತರು ಆಗಲಿ ಎಂದರು.

ಮದುವೆಯಾಗಿ ಎಷ್ಟೋ ವರ್ಷವಾಯಿತು. ಹೋದ ಚಳಿಗಾಲದಲ್ಲಿ ನಂಜಪ್ಪಮಾವ ತೀರಿಕೊಂಡ. ಹಾಲು ಕರೆದು ಬಂದವನು ಆಯಾಸ ಎಂದು ಮಲಗಿದ, ಏಳಲಿಲ್ಲ. ತಿಥಿಗೆ ಗದಗಿನಿಂದ ಮಾಸ್ತರೂ ಬಂದರು. ಊಟ ಮುಗಿಸಿ ಪುಟ್ಟೇನಹಳ್ಳಿಯ ಆ ಮನೆಯ ಜಗಲಿಯಲ್ಲಿ ನನ್ನ ಪಕ್ಕ ಕೂತು, ಎಲೆ ಅಡಿಕೆ ಹಾಕಿಕೊಳ್ಳುತ್ತಾ, ತಮ್ಮಷ್ಟಕ್ಕೆ ನಕ್ಕರು.

“ಆ ಬಂಡಿಗಲ್ಲು ಆನಿ ಕಟ್ಟಿ ಎಳ್ಸಿದ್ರು ಅಂದ್ರಲ್ರೀ ನಿಮ್ಮ ಮಾವ! ನಾ ಪರೀಕ್ಷಾ ಪೇಪರ್ ತಿದ್ದಾಕ ಪ್ರತಿ ವರ್ಷಾ ಬೆಂಗಳೂರಿಗೇ ಬರ್ತಿದ್ದೆ. ದಿನಾ ಸಂಜಿಮುಂದ ಲಾಲ್‌ಬಾಗ್‌ನ್ಯಾಗ ಅಡ್ಡಾಡಾಂವ ನಾ.”

ನಾನು ಅನ್ನಪೂರ್ಣಳ ಕಡೆ ನೋಡಿದೆ. ಅವಳು ಊಟದ ಎಲೆ ಎತ್ತುವುದರಲ್ಲಿ ಬಹಳ ಮಗ್ನಳಾಗಿದ್ದಳು.

“ಮತ್ತೆ ಅವತ್ತು ಯಾಕ್ ಸುಮ್ನಿದ್ರಿ?”

“ನೀವು ದಾರಿ ತಪ್ಪಿಸಿ ಉಳ್ಳಾಗಡ್ಡಿ ಮಂಡಿಗೆ, ಅದೇ ಈರುಳ್ಳಿ ಮಂಡಿಗೆ, ತಂದು ನಿಲ್ಸಿದ್ರಿ. ಅವ್ರು ತಪ್ಪು ತಮ್ಮ ಮ್ಯಾಲೆ ಹಾಕ್ಕೊಂಡ್ರು. ಇಂಥವ್ರು ಒಬ್ರು ಮನ್ಯಾಗ ಇದ್ರ ನನ್ನ ಮಗಳಿಗೆ ಏನೂ ಕಡಿಮಿ ಆಗೂದಿಲ್ಲಂತ ಅಲ್ಲೇ ಹೂಂ ಅಂದೆ.” ಮಾಸ್ತರ ಕಣ್ಣು ಒದ್ದೆಯಾಗಿತ್ತು.

“ನನ್ನ ನೋಡಿ ಏನನ್ಸಿತ್ತು?” ಎಂದು ಕೇಳಿದೆ. ಕೇಳಬಾರದಿತ್ತು.

“ನಿಮ್ದು ಸ್ವಲ್ಪ ಡೌಟ್ ಇತ್ರಿ” ಎಂದರು.

ಇಷ್ಟು ವರ್ಷ ನನ್ನನ್ನು ಮೆಚ್ಚಿಯೇ ಹೆಣ್ಣು ಕೊಟ್ಟರೆಂದು ಬೀಗಿಕೊಂಡು ಓಡಾಡಿದ್ದೆ. ನನಗೆ ನಗು ತಡೆಯಲಾಗಲಿಲ್ಲ. ಇದನ್ನು ಈಗಲೇ ಮಾವನಿಗೆ ಹೇಳಬೇಕು ಎಂದು ಎದ್ದು ಒಳಗೆ ಹೋದೆ. ನಡುಮನೆಯಲ್ಲಿ ಅಮ್ಮ ಅವನ ಫೋಟೋದ ಮುಂದಿನ ದೀಪಕ್ಕೆ ಎಣ್ಣೆ ಹಾಕುತ್ತಿದ್ದಳು.

“ಏನಾಯ್ತೋ?” ಎಂದಳು.

“ಮಾವಂಗೆ ಒಂದ್ ಮಾತ್ ಹೇಳೋಣ ಅಂತ ಬಂದೆ” ಎಂದು, ಎಣ್ಣೆಯ ಬಟ್ಟಲನ್ನು ಅವಳ ಕೈಯಿಂದ ತೆಗೆದುಕೊಂಡೆ.